ಯಾರ ಪೈಕಿ

ಬೇರೆಯವರು ತುರುಬಿಗೆ ಹೂವು ಮುಡಿದರೆ ನಮ್ಮ ಕಂಪ್ಯೂಟರ್ ಮೇಡಂ ಮಾರ್ಕರ್ ಪೆನ್ನು ಸಿಗಿಸಿಕೊಂಡಿರುತ್ತಿದ್ದರು. ಒಂದು ನೀಲಿ, ಒಂದು ಕೆಂಪು. ಡಸ್ಟರ್ ಎದುರಿಗೇ ಇದ್ದರೂ ಬೋರ್ಡ್ ಒರೆಸಲು ಅವರ ಕೈಗೆ ಸಿಗುತ್ತಿದ್ದುದು ಸೆರಗು. ಅವರ ಇಳಕಲ್ ಸೀರೆಗಳಲ್ಲಿ ಮಸಿ ಹತ್ತದ ಒಂದೇ ಒಂದು ಸೆರಗನ್ನು ನಾನಂತೂ ನೋಡಲಿಲ್ಲ.

ಇಳಕಲ್ಲಿನ ಕಾಲೇಜಿನಲ್ಲಿ ಅವರು ನಮಗೆ ‘ಗ್ರೂಪ್ ಬೈ’, ಅಂದರೆ ಮಾಹಿತಿಯನ್ನು ಗುಂಪು ಮಾಡುವುದನ್ನು, ಕಲಿಸಿದ ದಿನ ಕಂಪ್ಯೂಟರನ್ನೇ ಹಚ್ಚಲಿಲ್ಲ. ಬಂದವರೇ ಕೇಳಿದರು: “ನಿಮ್ಮ ಮನಿಗೆ ಯಾರರ ಹೊಸಬ್ರು ಬಂದ್ರ ನಿಮ್ಮ ಅಜ್ಜಿ ಮೊದ್ಲ ಏನ್ ಕೇಳ್ತಾಳ?”

“ಯಾರ ಪೈಕಿ ಅಂತ ಕೇಳ್ತಾಳ್ರಿ,” ಎಂದು ಇಡೀ ಕ್ಲಾಸು ನಕ್ಕಿತು.

“ಕಂಪ್ಯೂಟರೂ ಅದನ್ನ ಕೇಳತೈತಿ. ಏನ್ ನೋಡಿ ಪೈಕಿ ಹಚ್ಚಬೇಕು ಅಂತ ನಾವು ಹೇಳಬೇಕು. ಅದಕ್ಕ ಕೀ ಅಂತಾರ.”

ಆಮೇಲೆ ನಮ್ಮನ್ನೆಲ್ಲ ಎಬ್ಬಿಸಿದರು. ತಾಲೂಕಿನ ಪ್ರಕಾರ ನಿಲ್ಲಿ ಎಂದಾಗ ಹುನಗುಂದದವರು ಕಿಟಕಿಯ ಕಡೆ ತುಂಬಿದರು, ಬಾದಾಮಿಯವರು ಮೂವರೇ ಬಾಗಿಲ ಬಳಿ ಉಳಿದರು. ಬೆಳಿಗ್ಗೆ ರೊಟ್ಟಿ ತಿಂದವರು ಒಂದು ಕಡೆ, ಅವಲಕ್ಕಿ ತಿಂದವರು ಒಂದು ಕಡೆ ಎಂದಾಗ ಎಲ್ಲ ಕಲಸಿಹೋಯಿತು. ಆಗಷ್ಟೇ ಕೈ ಕೈ ಹಿಡಿದು ನಿಂತಿದ್ದ ಗೆಳತಿಯರು ಎದುರುಬದುರಾದರು. ಏನೂ ತಿನ್ನದೆ ಬಂದವನೊಬ್ಬ ನಡುವೆ ಪೆಚ್ಚಾಗಿ ನಿಂತಿದ್ದ. ಮೇಡಂ ಅವನ ಕೈಗೆ ತಮ್ಮ ಡಬ್ಬಿ ಕೊಟ್ಟು, “ಮಂದಿ ಅವರ ಅದಾರ. ಕೀ ಬದಲಾತು, ಗುಂಪು ಬದಲಾತು. ಮಜಾ ಐತಿಲ್ಲ?” ಎಂದರು. ಮಜಾ ಎನ್ನುವಾಗ ಅವರ ಹುಬ್ಬು ಹಣೆಯ ವಿಭೂತಿಯವರೆಗೂ ಏರುತ್ತಿತ್ತು.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಅವರೇ ಬ್ಯಾಚ್ ಮಾಡಿದರು. ಒಂದೇ ಊರಿನವರು ಒಂದೇ ಬ್ಯಾಚಿನಲ್ಲಿದ್ದರೆ ಒಂದೇ ಬಸ್ಸಿಗೆ ಕೂಡಿ ಹೋಗಬಹುದು ಎಂದು ಊರನ್ನೇ ಕೀ ಮಾಡಿದ್ದರು. ಪಟ್ಟಿ ಲ್ಯಾಬಿನ ಬಾಗಿಲ ಮೇಲೆ ಬಂತು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ನನ್ನ ಹೆಸರೇ ಇಲ್ಲ.

ಅಪ್ಪ ಗ್ರಾನೈಟ್ ಕ್ವಾರಿಯಲ್ಲಿ ಕ್ರೇನ್ ನಡೆಸುತ್ತಿದ್ದ. ಕ್ವಾರಿ ಬದಲಾದಂತೆ ನಮ್ಮ ತಗಡಿನ ಶೆಡ್ಡೂ ಬದಲಾಗುತ್ತಿತ್ತು. ಆಗ ಇದ್ದದ್ದು ಎರಡು ಊರುಗಳ ನಡುವಿನ ಬಯಲಲ್ಲಿ. ಕಾಲೇಜಿನ ಫಾರ್ಮಿನಲ್ಲಿ ಊರು ಎಂದು ಇದ್ದ ಕಡೆ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೆ. ಈ ಪರೀಕ್ಷೆ ತಪ್ಪಿದರೆ ವರ್ಷವೇ ಹೋಗುತ್ತಿತ್ತು. ಅಷ್ಟರಲ್ಲಿ ನಾವು ಇನ್ನೊಂದು ಕ್ವಾರಿಗೆ ಹೊರಟಿರುತ್ತಿದ್ದೆವು, ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಲ್ಯಾಬಿನೊಳಗಿದ್ದ ಮೇಡಂ ಅವರನ್ನು ಕೂಗಿದೆ.

ಮೇಡಂ ನನ್ನ ಮುಖ ನೋಡಿದವರೇ ತುರುಬಿನಿಂದ ಪೆನ್ನು ಎಳೆದು ಮೊದಲ ಬ್ಯಾಚಿನ ಕೆಳಗೆ ನನ್ನ ಹೆಸರು ಬರೆದರು. “ಆತಲ್ಲ, ಪರೀಕ್ಷಾ ಎಲ್ಲಿಗೂ ಹೋಗೂದಿಲ್ಲ. ಈಗ ಬಾ ಇಲ್ಲೆ, ನೀ ಎಲ್ಲಿ ತಪ್ಪಿಸ್ಕೊಂಡಿ ನೋಡೂಣು.”

ಬೇರೆ ಯಾರಾದರೂ ಆಗಿದ್ದರೆ ಹೆಸರು ಸೇರಿಸಿ ಸುಮ್ಮನಾಗುತ್ತಿದ್ದರು. ಇವರಿಗೆ ಅದು ಹೇಗಾಯಿತು ಎಂದು ತಿಳಿಯದೆ ಚಹಾ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಮೂಲ ಪಟ್ಟಿ ತೆಗೆದರು, ನಾನಿದ್ದೆ. ಊರಿನ ಮೇಲೆ ಗುಂಪು ಮಾಡಿದರು, ನಾನಿಲ್ಲ. ಮತ್ತೆ ಮಾಡಿದರು, ಇಲ್ಲ. ಅವರ ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ತೊಡೆ ತಟ್ಟಿಕೊಂಡು ನಕ್ಕರು: “ನೋಡ್ ಇದರ ಕಳ್ಳಾಟ! ಕೀ ಖಾಲಿ ಇದ್ದವ್ರನ್ನ ಒಂದ ಮಾತೂ ಹೇಳದ ಹೊರಗ ಹಾಕತೈತಿ. ಗುಂಪು ಮಾಡಿದ ಮ್ಯಾಲ ತಲಿ ಎಣಿಸಬೇಕಾಗಿತ್ತು. ನಾ ಎಣಿಸಲಿಲ್ಲ, ತಪ್ಪು ನಂದು.”

“ಊರು ಏನಂತ ಬರೀಲ್ರಿ ಮೇಡಂ?”

“ಏನೂ ಬರೀಬ್ಯಾಡ. ಖಾಲಿ ಇದ್ದವ್ರನ್ನೂ ಇಟಗೋ ಅಂತ ಇದಕ್ಕ ಹೇಳ್ತೇನಿ.” ಒಂದು ಸಣ್ಣ ಮಾತು ಸೇರಿಸಿ ಮತ್ತೆ ನಡೆಸಿದರು. ಎಲ್ಲ ಊರುಗಳ ಕೆಳಗೆ ಹೆಸರಿಲ್ಲದ ಒಂದು ಗುಂಪು ಬಂತು. ಅದರಲ್ಲಿ ನಾನೊಬ್ಬಳೇ. ನನ್ನ ಮುಖ ಸಣ್ಣದಾಗಿರಬೇಕು. “ಒಬ್ಬಾಕಿ ಇದ್ರೂ ಅದು ಗುಂಪ ಐತಿ, ತಂಗಿ,” ಎಂದರು. ಆಮೇಲೆ ಕೆನೆಗಟ್ಟಿದ ಚಹಾವನ್ನು ಇಬ್ಬರೂ ಹಂಚಿಕೊಂಡು ಕುಡಿದೆವು.

ಈಗ ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಮಾಹಿತಿ ನೋಡುವುದು ನನ್ನ ಕೆಲಸ. ಊರು, ವಿಳಾಸ ಹೇಳಲಾಗದವರು ದಿನವೂ ಬರುತ್ತಾರೆ. ಯಾವ ಗುಂಪು ಮಾಡಿದರೂ ಆ ಸಣ್ಣ ಮಾತು ಸೇರಿಸುತ್ತೇನೆ, ಮುಗಿದ ಮೇಲೆ ತಲೆ ಎಣಿಸುತ್ತೇನೆ. ಅನ್ನ ಕೊಟ್ಟ ವಿದ್ಯೆ ಎನ್ನುತ್ತಾರಲ್ಲ, ನನಗೆ ಅದನ್ನು ಕೊಟ್ಟವರು ಅವರು.

ಈ ವರ್ಷ ಮೇಡಂ ತೀರಿಕೊಂಡರು. ಮದುವೆ ಮಕ್ಕಳು ಎಂದೇನೂ ಇರಲಿಲ್ಲ. ಹುನಗುಂದದ ಅವರ ಅಕ್ಕನ ಮನೆಗೆ ಮಣ್ಣಿಗೆ ಹೋದೆ. ಪಡಸಾಲೆಯಲ್ಲಿ ನೆಂಟರು, ಅಂಗಳದಲ್ಲಿ ಓಣಿಯವರು, ಕಟ್ಟೆಯ ಮೇಲೆ ಕಾಲೇಜಿನವರು. ಎಲ್ಲಿ ನಿಲ್ಲಬೇಕೋ ತಿಳಿಯದೆ ಬಾಗಿಲಲ್ಲೇ ನಿಂತೆ. ಅವರ ಅಕ್ಕ, ಅತ್ತು ಅತ್ತು ಕಣ್ಣು ಕೆಂಪಾಗಿದ್ದ ಮುದುಕಿ, ನನ್ನ ಹತ್ತಿರ ಬಂದು ಕೇಳಿದರು: “ನೀ ಯಾರ ಪೈಕಿವಾ?”

ಜೀವಮಾನದಲ್ಲಿ ಮೊದಲ ಸಲ ಆ ಪ್ರಶ್ನೆಗೆ ನಾನು ತಡವರಿಸಲಿಲ್ಲ.

“ಮೇಡಂ ಪೈಕಿರಿ,” ಎಂದೆ. ಮುದುಕಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದು ಮೇಡಂ ಅವರ ತಲೆಯ ಹತ್ತಿರ ಕೂಡಿಸಿದರು.