ಅರುಂಧತಿ ಆಂಟಿಯ ಬೆತ್ತದ ಕುರ್ಚಿ

ಮೂರನೆಯ ದಿನವೂ ಕುರ್ಚಿ ಕೈತಪ್ಪಿತು. ಅರುಂಧತಿಗೆ ಮೈಯೆಲ್ಲ ಉರಿದುಹೋಯಿತು.

ಮೆಕ್ಸಿಕೋದ ಆ ಸಣ್ಣ ಕಡಲೂರಿನಲ್ಲಿ ಇದ್ದದ್ದೇ ನಾಲ್ಕು ಕೋಣೆಯ ಒಂದು ಗೆಸ್ಟ್‌ಹೌಸ್. ಅದರ ಅಂಗಳದಲ್ಲಿ, ಸಮುದ್ರಕ್ಕೆ ಮುಖಮಾಡಿ, ಒಂದೇ ಒಂದು ಬೆತ್ತದ ಕುರ್ಚಿ. ಅದರ ಫೋಟೊ ನೋಡಿಯೇ ಅವಳು ಸಿಂಗಪುರದ ಟ್ಯಾಂಪಿನೀಸ್‌ನ ಮನೆಗೆ ಬೀಗ ಹಾಕಿ, ಮೂರು ವಿಮಾನ ಬದಲಿಸಿ ಬಂದದ್ದು. ಬೆಳಿಗ್ಗೆ ಎದ್ದವಳೇ ಕುರ್ಚಿಯ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು ಕಾಫಿಗೆ ಹೋಗುವಳು. ತಿರುಗಿ ಬರುವಷ್ಟರಲ್ಲಿ ಪಕ್ಕದ ಕೋಣೆಯ ಕೆನಡಾದ ಮುದುಕ ಅಲ್ಲಿ ಕಾಲು ಚಾಚಿ ಕೂತಿರುವನು. ಟಿಶ್ಯೂ ಪ್ಯಾಕೆಟ್ ಅವಳ ದಿಂಬಿನ ಮೇಲೆ, ಬಲು ಜೋಪಾನವಾಗಿ!

ಸಿಂಗಪುರದಲ್ಲಿ ಟಿಶ್ಯೂ ಇಟ್ಟ ಜಾಗವನ್ನು ಯಾರಾದರೂ ಮುಟ್ಟಲಿ ನೋಡೋಣ! ನಮ್ಮ ಕಡೆ ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿದಷ್ಟೇ ಪಕ್ಕಾ. ಅಲ್ಲಿ ಅದನ್ನು ‘ಚೋಪ್’ ಮಾಡುವುದು ಅನ್ನುತ್ತಾರೆ. ಪಾಸಿರ್ ಪಂಜಾಂಗಿನ ಶಿಪ್ಪಿಂಗ್ ಆಫೀಸಿನಲ್ಲಿ ಅರುಂಧತಿ ಇಪ್ಪತ್ತೆಂಟು ವರ್ಷ ಕಂಟೇನರುಗಳ ಕಾಗದಪತ್ರ ನೋಡಿದಳು. ಅವಳ ತಪ್ಪಿನಿಂದ ಒಂದು ಹಡಗೂ ತಡವಾಗಲಿಲ್ಲ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಊಟದ ಹೊತ್ತಾದರೆ ಮಾತ್ರ ಎಲ್ಲರಿಗೂ ಅವಳ ನೆನಪು.

“ಆಂಟಿ, ಹಾಕರ್ ಸೆಂಟರ್‌ನಲ್ಲಿ ಎಂಟು ಸೀಟ್ ಚೋಪ್ ಮಾಡ್ತೀರಾ?”

ಸಾಲು ಊಟದಂಗಡಿಗಳ ಆ ಜಾಗಕ್ಕೆ ಬಿಸಿಲಲ್ಲಿ ಓಡಿ, ಎಂಟು ಟಿಶ್ಯೂ ಪ್ಯಾಕೆಟ್ ಇಟ್ಟು ಕಾಯುವಳು. ಎಂಟು ಜನ ಬಂದು ಕೂರುವರು. ಇವಳು ತಟ್ಟೆ ಹಿಡಿದು ಯಾರದೋ ಟೇಬಲ್ಲಿನ ತುದಿಯಲ್ಲಿ.

ರಿಟೈರ್ ಆದ ದಿನ ಬಾಸ್ ಪ್ರತಾಪ್ ಕೇಕ್ ಮುಂದೆ ನಿಂತು ಆಡಿದ ಮಾತಾದರೂ ಏನು? “ಇನ್ಮೇಲೆ ನಮಗೆ ಟೇಬಲ್ ಹಿಡಿಯೋರು ಯಾರು ಆಂಟಿ?” ಎಲ್ಲರೂ ಹೋ ಎಂದು ನಕ್ಕರು. ಅಲ್ಲ, ಇಪ್ಪತ್ತೆಂಟು ವರ್ಷ ಜೀವ ತೇದದ್ದಕ್ಕೆ ಇಷ್ಟೇನಾ! ಆ ಸಿಟ್ಟಿನಲ್ಲೇ ಅವಳು ಟಿಕೆಟ್ ಬುಕ್ ಮಾಡಿದ್ದು. ಒಂದೇ ಒಂದು ಸಲ, ತನಗೆ ಅಂತ ಒಂದು ಜಾಗ ಬೇಕಿತ್ತು. ಅದಕ್ಕೂ ಕಲ್ಲು ಬಿತ್ತಲ್ಲ!

ನಾಲ್ಕನೆಯ ಬೆಳಿಗ್ಗೆ ಗೆಸ್ಟ್‌ಹೌಸ್ ಯಜಮಾನಿ ಲುಪೆ ಟಿಶ್ಯೂ ಎತ್ತಿಕೊಳ್ಳುವಾಗಲೇ ಅರುಂಧತಿ ಹಿಡಿದಳು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಕನ್ನಡವೇ. “ಏನ್ರೀ, ಕಣ್ಣು ಕಾಣಲ್ವಾ? ಇದು ನನ್ನ ಜಾಗ!”

ಲುಪೆ ಬೆದರಲಿಲ್ಲ. ಮೊಬೈಲ್ ಚಾಚಿದಳು, ಅದು ಆ ಮಾತನ್ನು ಅವಳ ಭಾಷೆಗೆ ಬದಲಿಸಿತು. ಲುಪೆಯ ಉತ್ತರವೂ ಅದರಲ್ಲೇ ಬಂತು: ನೀವು ದಿನಾ ಇದನ್ನು ಇಲ್ಲಿ ಮರೆಯುತ್ತೀರಿ, ನಾನು ದಿನಾ ಕೋಣೆಗೆ ತಂದಿಡುತ್ತೇನೆ. ಕುರ್ಚಿ ಬೇಕಿದ್ದರೆ ಕೂತುಕೊಳ್ಳಿ. ಕಾಫಿ ನಾನೇ ತರುತ್ತೇನೆ.

ಕೂತುಕೊಳ್ಳುವುದು! ಅರುಂಧತಿಗೆ ಈಗ ತನ್ನ ಮೇಲೆಯೇ ರೇಗಿತು. ಜಾಗ ಹಿಡಿದು ಹಿಡಿದು, ಕೂರುವುದನ್ನೇ ಮರೆತಿದ್ದಳು. ಧಡಕ್ಕನೆ ಕೂತಳು. ದಾಲ್ಚಿನ್ನಿ ಹಾಕಿದ ಕಾಫಿ ಬಂತು. ಕೆನಡಾದ ಮುದುಕನೂ ಬಂದ. ಹಳೆಯ ಅಭ್ಯಾಸ, ಅರ್ಧ ಎದ್ದಳು. ಥೂ, ಎಂದುಕೊಂಡು ಮತ್ತೆ ಒರಗಿ ಕೂತಳು. ಅವನು ಕೈಬೀಸಿ ಮರಳಿನ ಕಡೆ ನಡೆದ.

ಆಗಲೇ ಪ್ರತಾಪ್‌ನ ಮೆಸೇಜು. “ಆಂಟಿ, ಮುಂದಿನ ಶುಕ್ರವಾರ ಹಳೇ ಟೀಮ್ ಲಂಚ್. ಸ್ವಲ್ಪ ಬೇಗ ಬಂದು ಎಂಟು ಸೀಟ್ ಚೋಪ್ ಮಾಡಿ, ಪ್ಲೀಸ್.”

ಕಾಫಿ ಪೂರ್ತಿ ಕುಡಿದು ಮುಗಿಸಿದ ಮೇಲೆಯೇ ಅವಳು ಉತ್ತರ ಬರೆದಳು: “ನಾನು ಒಂದು ಗಂಟೆಗೆ ಬರ್ತೀನಿ. ನೀವೇ ಬೇಗ ಹೋಗಿ ಸೀಟ್ ಹಿಡೀರಿ. ಎಂಟಲ್ಲ, ಒಂಬತ್ತು.”