ಎಳ್ಳು ಬಾಟಲಿಗೆ ಎಳೆದ ಗೆರೆ

ಎಳ್ಳು ಬೆಲ್ಲದ ಮೇಲೆ ನನಗೆ ಸಿಟ್ಟಿದೆ. ಹಬ್ಬದ ವಸ್ತುವಿನ ಮೇಲೆ ಎಂಥ ಸಿಟ್ಟು ಎನ್ನುವವರು ಅಂದುಕೊಳ್ಳಲಿ. ಮೈಸೂರು ಪಾಕು ಎರಡು ತುಂಡಾಗುವಷ್ಟರಲ್ಲಿ ಸಾಕು ಅನಿಸುತ್ತದೆ. ಜಹಾಂಗೀರು ಒಂದಕ್ಕೇ ಮುಖ ಕಟ್ಟುತ್ತದೆ. ಈ ಎಳ್ಳು ಬೆಲ್ಲ ಮಾತ್ರ ಸಾಕು ಅನ್ನಿಸಲು ಬಿಡುವುದೇ ಇಲ್ಲ. ಒಂದು ಹಿಡಿಯಲ್ಲಿ ಬೆಲ್ಲ ಜಾಸ್ತಿ ಬಂತು, ಅದನ್ನು ಸರಿ ಮಾಡಲು ಇನ್ನೊಂದು ಹಿಡಿ. ಅದರಲ್ಲಿ ಬರೀ ಹುರಿಗಡಲೆ, ಥೂ, ಇದೇನು ಎಂದು ಮತ್ತೊಂದು. ಎಳ್ಳು, ಕೊಬ್ಬರಿ, ಕಡಲೆಬೀಜ, ಬೆಲ್ಲ ಎಲ್ಲವೂ ಹದವಾಗಿ ಸೇರಿದ ಆ ಒಂದು ಹಿಡಿ ಸಿಗುವವರೆಗೂ ಕೈ ಹೋಗುತ್ತಲೇ ಇರುತ್ತದೆ, ಅದು ಸಿಗುವುದೂ ಇಲ್ಲ.

ಸಂಕ್ರಾಂತಿಯ ಒಂದು ದಿನಕ್ಕೆ ಮುಗಿದಿದ್ದರೆ ಸಹಿಸಬಹುದಿತ್ತು. ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ರಥಸಪ್ತಮಿಯವರೆಗೂ ಎಳ್ಳು ಬೀರುತ್ತಾರೆ. ಹಬ್ಬದ ದಿನ ಬರಲಾಗದವರು ಮರುದಿನ, ಆಫೀಸಿಗೆ ಹೋಗುವವರು ಭಾನುವಾರ, ನಾದಿನಿಯ ಮನೆಗೆ ಹೋಗಿದ್ದವರು ಅದರ ಮುಂದಿನ ವಾರ. ಅರಿಶಿನ ಕುಂಕುಮದ ಜೊತೆ ಬಂದದ್ದನ್ನು ಎಸೆಯುವಂತಿಲ್ಲ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಹದಿನೈದು ಮನೆಯ ಪೊಟ್ಟಣ ಬಿಚ್ಚಿ ಒಂದೇ ಗಾಜಿನ ಬಾಟಲಿಗೆ ಸುರಿಯುವುದು ನಮ್ಮ ಮನೆಯ ಪದ್ಧತಿ. ಒಬ್ಬರದರಲ್ಲಿ ಕೊಬ್ಬರಿಯನ್ನು ಅಚ್ಚುಕಟ್ಟಾಗಿ ಹೆಚ್ಚಿದ್ದಾರೆ, ಇನ್ನೊಬ್ಬರು ಅಂಗಡಿಯಿಂದ ರೆಡಿಮೇಡ್ ತಂದು ಬಣ್ಣಬಣ್ಣದ ಜೀರಿಗೆ ಮಿಠಾಯಿ ಸೇರಿಸಿದ್ದಾರೆ. ಎಲ್ಲ ಸೇರಿ ಬಾಟಲಿ ಇನ್ನೂ ರುಚಿಯಾಗುತ್ತದೆ, ನನ್ನ ಕರ್ಮ.

ಆ ವರ್ಷ ಸಂಕ್ರಾಂತಿಗೆ ಮೊದಲು ಅಮ್ಮನ ಎಡಗಾಲಿನ ಎರಡನೇ ಬೆರಳಿಗೆ ಚಪ್ಪಲಿ ಕಚ್ಚಿತು. ಅಮ್ಮನಿಗೆ ಆಗ ಎಪ್ಪತ್ತಾರು, ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದ್ದು. ಗಾಯ ಮಾಗಲಿಲ್ಲ. ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿ, “ಶುಗರ್ ಇಳೀಲೇಬೇಕಮ್ಮ. ಇಳೀದಿದ್ರೆ ಬೆರಳು ಉಳ್ಸೋದು ಕಷ್ಟ” ಎಂದು ಅಮ್ಮನಿಗೆ ಹೇಳದೆ ನನಗೆ ಹೇಳಿದರು. ನನ್ನ ಗಂಡ ಆ ವರ್ಷ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದರು. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಬೆರಳನ್ನು ಉಳಿಸುವ ಜವಾಬ್ದಾರಿ ನನ್ನದು ಎಂದುಕೊಂಡೆ.

ಎಳ್ಳು ಬೀರಲು ಬಂದವರ ಮೇಲೆಲ್ಲ ಹರಿಹಾಯ್ದೆ. ಎದುರುಮನೆಯಾಕೆ ಪೊಟ್ಟಣ ಬಿಚ್ಚಿ ಅಮ್ಮನ ಅಂಗೈಗೇ ಸುರಿದು, “ಒಂದ್ ಚೂರು ಬಾಯಿಗ್ ಹಾಕ್ಕೊಳ್ಳಿ ಅಜ್ಜಿ, ಹಬ್ಬ ಅಲ್ವಾ, ಏನೂ ಆಗಲ್ಲ” ಅಂದಳು. ಏನೂ ಆಗಲ್ಲ ಎನ್ನುವವರಲ್ಲಿ ಒಬ್ಬರೂ ಡ್ರೆಸ್ಸಿಂಗ್ ಮಾಡಿಸಲು ಜೊತೆಗೆ ಬರುವುದಿಲ್ಲ. ಅಮ್ಮ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ “ತಗೋ, ಬಾಟ್ಲಿಗ್ ಹಾಕು” ಎಂದು ನನ್ನ ಕೈಗೆ ಸುರಿದು, ತನ್ನ ಅಂಗೈ ಮೂಸಿ, ಸೆರಗಿಗೆ ಒರೆಸಿಕೊಂಡಳು. ಸಿಹಿಗೆ ಆಸೆಯಾದಾಗ ಅವಳು ಒಂದು ಲವಂಗ ಬಾಯಿಗಿಟ್ಟುಕೊಳ್ಳುತ್ತಿದ್ದಳು. ಆ ವಾರ ಲವಂಗದ ಡಬ್ಬಿ ಅವಳ ಮಂಚದ ಮೇಲೆಯೇ ಇತ್ತು. ಅದನ್ನು ನಾನು ನೋಡಿದ್ದೆ, ಅರ್ಥ ಮಾಡಿಕೊಳ್ಳಲಿಲ್ಲ.

ಏಕೆಂದರೆ ಬೆಳಿಗ್ಗೆ ಕೈಬೆರಳು ಚುಚ್ಚಿ ನೋಡಿದರೆ ಶುಗರ್ ಮುನ್ನೂರರ ಮೇಲೆ. ಅನ್ನ ನಿಲ್ಲಿಸಿದ್ದೆ, ಕಾಫಿಗೆ ಸಕ್ಕರೆ ಇಲ್ಲ, ಬಾಳೆಹಣ್ಣು ಇಲ್ಲ. ಮತ್ತೆ ಎಲ್ಲಿಂದ ಏರುತ್ತದೆ? ಅಡುಗೆಮನೆಗೆ ಹೋಗಿ ಬಾಟಲಿ ನೋಡಿದೆ. ಕತ್ತಿನವರೆಗೆ ಇದ್ದದ್ದು ಭುಜಕ್ಕೆ ಇಳಿದಿತ್ತು.

ಕಪ್ಪು ಮಾರ್ಕರ್ ಪೆನ್ನಿನಲ್ಲಿ ಗಾಜಿನ ಮೇಲೆ ಗೆರೆ ಎಳೆದೆ. ಎರಡು ದಿನಕ್ಕೆ ಎಳ್ಳು ಗೆರೆಯ ಕೆಳಗೆ ಹೋಯಿತು.

“ಅಮ್ಮಾ, ತಿಂದ್ಯಾ?”

“ಇಲ್ಲ ಕಣೇ.”

“ಸುಳ್ಳು ಹೇಳ್ಬೇಡ.”

“ನಾನ್ಯಾಕೇ ಸುಳ್ಳು ಹೇಳ್ಲಿ?”

ಅವಳ ದಿಂಬಿನ ಕೆಳಗೆ ಕೈ ಹಾಕಿ ನೋಡಿದೆ. ಸೆರಗಿನ ಅಂಚಿನಲ್ಲಿ ನಾಲ್ಕು ಎಳ್ಳು ಅಂಟಿದ್ದವು. ಎದುರುಮನೆಯಾಕೆ ಸುರಿದಾಗಿನವು ಅವು ಎಂದು ಈಗ ಗೊತ್ತು. ಆಗ ಕಳ್ಳಿಯನ್ನು ಹಿಡಿದ ಸಂತೋಷವಾಯಿತು. ಮತ್ತಿಕೆರೆಯಿಂದ ತಮ್ಮನನ್ನು ಕರೆಸಿದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬರುತ್ತಲೇ, “ಅಮ್ಮಾ, ಬೆರಳು ಬೇಕೋ ಎಳ್ಳು ಬೇಕೋ, ಒಂದ್ ಹೇಳ್ಬಿಡು” ಎಂದು ರೇಗಿದ. ಅಮ್ಮ ತಿಂದಿಲ್ಲ ಅಂದಳು. ಹಾಗಾದರೆ ದೇವರ ಮುಂದೆ ಹೇಳು ಅಂದೆ ನಾನು. ಬ್ಯಾಂಡೇಜು ಸುತ್ತಿದ ಕಾಲಲ್ಲಿ ಅವಳು ಗೋಡೆ ಹಿಡಿದು ದೇವರ ಮನೆಯವರೆಗೆ ನಡೆದು, ದೀಪದ ಮುಂದೆ ನಿಂತು, ನಾನು ತಿಂದಿಲ್ಲ ಎಂದು ಹೇಳಿದಳು. ಹೆತ್ತ ತಾಯಿಯನ್ನು ಹಾಗೆ ನಿಲ್ಲಿಸಿದೆ. ನಿಲ್ಲಿಸಿಯೂ ನಂಬಲಿಲ್ಲ.

ಬಾಟಲಿಯನ್ನು ಎತ್ತಿಡಬಹುದಿತ್ತಲ್ಲ ಎಂದು ಕೇಳುವಿರಿ. ಎತ್ತಿಟ್ಟೆ. ಫ್ರಿಜ್ಜಿನ ಮೇಲಿನ ಶೆಲ್ಫಿಗೆ, ಇಡ್ಲಿ ಪಾತ್ರೆಯ ಹಿಂದೆ. ಅಲ್ಲಿಯೂ ಇಳಿಯಿತು. ಹೊಸ ಗೆರೆ ಎಳೆದೆ, ಅದೂ ದಾಟಿತು. ಕಾಲು ಊರಲಾಗದ ಎಪ್ಪತ್ತಾರರ ಹೆಂಗಸು ನಾನು ಆಫೀಸಿಗೆ ಹೋದ ಮೇಲೆ ಸ್ಟೂಲು ಹತ್ತಿ ಇಳಿಯುತ್ತಾಳೆ ಎಂದು ನಂಬಲು ನನಗೆ ಒಂದಿಷ್ಟೂ ಕಷ್ಟವಾಗಲಿಲ್ಲ. ಸ್ಟೂಲನ್ನು ಮಹಡಿಗೆ ಸಾಗಿಸಿದೆ, ನೋಡಿ, ನನ್ನ ಬುದ್ಧಿವಂತಿಕೆ.

ಬೆರಳು ಕಪ್ಪಾಗತೊಡಗಿತು. ಹೆಬ್ಬಾಳದ ಕಡೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಅಲ್ಲಿಯೂ ಶುಗರ್ ಇಳಿಯಲಿಲ್ಲ. “ಆಸ್ಪತ್ರೆಗೂ ಯಾರೋ ತಂದ್ಕೊಡ್ತಿರ್ಬೇಕು ಡಾಕ್ಟ್ರೇ” ಅಂದೆ ನಾನು. ಡಾಕ್ಟರು ನನ್ನನ್ನು ವಿಚಿತ್ರವಾಗಿ ನೋಡಿದರು. “ಗಾಯದಲ್ಲಿ ಕೀವಾದ್ರೆ ಏನೂ ತಿನ್ದೆ ಇದ್ರೂ ಶುಗರ್ ಏರತ್ತೆ ಮೇಡಂ. ಅವ್ರನ್ನ ಯಾಕ್ ಬೈತೀರಾ?” ಎಂದರು. ಹಾಸಿಗೆಯಲ್ಲಿದ್ದ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಮೂರನೆಯ ದಿನ ಬೆಳಿಗ್ಗೆಯೂ ತಮ್ಮನನ್ನು ಅಲ್ಲಿ ಬಿಟ್ಟು ಸ್ನಾನಕ್ಕೆಂದು ಮನೆಗೆ ಬಂದೆ. ಕಾಫಿಗೆ ಹಾಲಿಟ್ಟೆ. ಹಾಲು ಕಾಯುವಷ್ಟರಲ್ಲಿ ಯಾಕೋ ಬಾಟಲಿಯ ನೆನಪಾಗಿ, ತುದಿಗಾಲಲ್ಲಿ ನಿಂತು ಇಡ್ಲಿ ಪಾತ್ರೆ ಸರಿಸಿ ಇಳಿಸಿಕೊಂಡೆ. ಅಮ್ಮನನ್ನು ಸೇರಿಸಿದ ದಿನ ಎಳೆದ ಗೆರೆಗಿಂತ ಎಳ್ಳು ಎರಡು ಬೆರಳು ಕೆಳಗಿತ್ತು. ಮೂರು ದಿನದಿಂದ ಅಮ್ಮ ಈ ಮನೆಯಲ್ಲಿಲ್ಲ. ಬೀಗದ ಕೈ ಇದ್ದದ್ದು ನನ್ನ ಬ್ಯಾಗಿನಲ್ಲಿ. ಯಾರು ಎಂದು ಯೋಚಿಸುತ್ತ ನಿಂತವಳ ಬಾಯಲ್ಲಿ ಬೆಲ್ಲ ಕರಗುತ್ತಿತ್ತು.

ತಿಂದೆ ಎಂದು ನನಗೆ ಗೊತ್ತೇ ಇರಲಿಲ್ಲ ಅಂದರೆ ನಂಬುತ್ತೀರಾ? ನಾನಾಗಿದ್ದರೆ ನಂಬುತ್ತಿರಲಿಲ್ಲ. ತಟ್ಟೆಗೆ ಹಾಕಿಕೊಂಡು ಕೂತು ತಿಂದದ್ದು ಮಾತ್ರ ತಿಂದದ್ದು ಎಂದು ನಮ್ಮಂಥವರ ಲೆಕ್ಕ. ಕುಕ್ಕರ್ ಕೂಗುವಾಗ ನಿಂತು ಬಾಯಿಗೆ ಎಸೆದುಕೊಂಡದ್ದು, ಬಸ್ಸಿಗೆ ಹೊರಡುವಾಗ ಒಂದು ಹಿಡಿ, ಬಂದ ಕೂಡಲೇ ಒಂದು ಹಿಡಿ, ಅಮ್ಮ ಎಷ್ಟು ತಿಂದಿದ್ದಾಳೆಂದು ಪರೀಕ್ಷೆ ಮಾಡಲು ಮುಚ್ಚಳ ತೆಗೆದಾಗ ಒಂದು ಹಿಡಿ, ಇವೆಲ್ಲ ತಿಂದದ್ದಲ್ಲ. ಅಮ್ಮನ ಮೇಲೆ ಸಿಟ್ಟು ಬಂದಷ್ಟೂ ನಾನು ಬಾಟಲಿಯ ಹತ್ತಿರ ಹೋಗಿದ್ದೆ. ಹಾಲು ಉಕ್ಕಿ ಒಲೆ ಆರಿತು. ನನಗೆ ನನ್ನನ್ನೇ ಹಿಡಿದು ಬಾರಿಸಬೇಕು ಅನಿಸಿತು.

ಮರುದಿನ ಅಮ್ಮನ ಬೆರಳು ತೆಗೆದರು. ಎಳ್ಳಿನಿಂದ ಹೋದದ್ದಲ್ಲ ಅದು, ಹೋಗುವುದಿತ್ತು ಎಂದು ಡಾಕ್ಟರು ಹೇಳಿದರು. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮನೆಗೆ ಕರೆತಂದ ಮೇಲೆ, ಮಂಚದ ತುದಿಯಲ್ಲಿ ಕೂತು, “ಅಮ್ಮಾ, ಎಳ್ಳೆಲ್ಲ ತಿಂದಿದ್ದು ನಾನು” ಅಂದೆ.

“ಗೊತ್ತು.”

“ಗೊತ್ತಿತ್ತಾ? ಮತ್ತೆ ಆವತ್ತೇ ಯಾಕಮ್ಮ ಹೇಳ್ಲಿಲ್ಲ?”

“ನಾನು ತಿಂದಿಲ್ಲ ಅಂತ ದೇವ್ರ ಮುಂದೆ ನಿಂತು ಹೇಳಿದ್ದೇ ನೀನು ನಂಬ್ಲಿಲ್ಲ. ನೀನು ತಿಂದೆ ಅಂದಿದ್ರೆ ನಂಬ್ತಿದ್ಯಾ?”

ನನಗೆ ಅಳು ಬಂತು. ಅಮ್ಮನಿಗೆ ನನ್ನ ಅಳುವಿನಲ್ಲಿ ಆಸಕ್ತಿ ಇರಲಿಲ್ಲ. ಅಷ್ಟು ದಿನ ತಡೆದುಕೊಂಡ ಸಿಟ್ಟೆಲ್ಲ ಅವಳ ಮುಖದಲ್ಲಿತ್ತು.

“ಅಳೋದು ಆಮೇಲೆ. ಮೊದ್ಲು ನಿನ್ ತಮ್ಮಂಗೆ ಫೋನ್ ಮಾಡಿ ಹೇಳು. ನನ್ ಮುಂದೇನೇ ಹೇಳು, ನಾನ್ ಕೇಳ್ಬೇಕು.”

ಕಣ್ಣೊರೆಸಿಕೊಂಡು ತಮ್ಮನ ನಂಬರು ಒತ್ತಿದೆ. ಸ್ಪೀಕರಿಗೆ ಹಾಕಿ ಮೊಬೈಲನ್ನು ಹಾಸಿಗೆಯ ಮೇಲೆ, ಅವಳ ಪಕ್ಕದಲ್ಲಿಟ್ಟೆ. ಅವನು ತಕ್ಷಣ ಎತ್ತಿದ.

“ಏನಕ್ಕಾ, ಮತ್ತೆ ಏನ್ ತಿಂದ್ಲು?”