ಪಿಳ್ಳಣ್ಣ ಎತ್ತಿದ ಜೀಪು

ಯಾವ ಕೆಲಸ ಹೇಳಿದರೂ ಪಿಳ್ಳಣ್ಣನ ಬಾಯಿಂದ ಮೊದಲು ಬರುತ್ತಿದ್ದ ಮಾತು ‘ಬೇಡ’. ಹಾರ್ನ್ ಬದಲಾಯಿಸಬೇಕು ಅಂದರೆ ಬೇಡ, ಸೀಟಿಗೆ ಹೊಸ ಕವರ್ ಅಂದರೆ ಬೇಡ. ಗಾಡಿ ತಂದವರು ‘ಯಾಕೆ ಬೇಡ?’ ಎಂದು ಜಗಳ ತೆಗೆದರೆ ಪಿಳ್ಳಣ್ಣನಿಗೆ ಖುಷಿ. ‘ಸರಿ, ಯಾಕೆ ಬೇಕು ಅಂತ ನೀವೇ ಹೇಳಿ’ ಎಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂರುತ್ತಿದ್ದರು. ಕಾರಣ ಒಪ್ಪಿಗೆಯಾದರೆ ಸ್ಪ್ಯಾನರ್ ಕೈಗೆ ಬರುತ್ತಿತ್ತು. ಇಲ್ಲವಾದರೆ ಟೀ ಕುಡಿಸಿ ಕಳಿಸಿಬಿಡುತ್ತಿದ್ದರು. ಇಂಥ ವ್ಯವಹಾರ ಇಟ್ಟುಕೊಂಡು ಬಿಳೇಕಹಳ್ಳಿಯಲ್ಲಿ ಅವರ ಶೆಡ್ಡು ಅಷ್ಟು ವರ್ಷ ನಡೆದದ್ದು ಹೇಗೋ ನನಗೆ ಗೊತ್ತಿಲ್ಲ.

ಬಿಳೇಕಹಳ್ಳಿ ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿದ್ದಾಗ ಅವರ ಮನೆಯವರಿಗೆ ಅಲ್ಲಿ ರಾಗಿ, ಅವರೆ ಬೆಳೆಯುವ ಹೊಲವಿತ್ತಂತೆ. ಹೊಲ ಬಡಾವಣೆಯಾಯಿತು. ಉಳಿದದ್ದು ಒಂದು ಮನೆ, ಅದರ ಮೇಲೆ ಬಾಡಿಗೆಯವರ ಎರಡು ಮನೆ, ಪಕ್ಕದಲ್ಲೊಂದು ತಗಡಿನ ಶೆಡ್ಡು. ಮೊದಲು ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು. ಸುತ್ತಮುತ್ತ ಉಳುವ ನೆಲವೇ ಇಲ್ಲವಾದ ಮೇಲೆ ಜೀಪುಗಳಿಗೆ ಬಂದರು. ಅರವತ್ತು ದಾಟಿದ ಸಣಕಲು ದೇಹ. ಮೈಮೇಲೆ ಯಾವಾಗಲೂ ಬಿಳಿ ಶರ್ಟು. ಗ್ಯಾರೇಜಿನಲ್ಲಿ ಬಿಳಿ ಶರ್ಟು ಯಾಕೆ ಎಂದು ಒಮ್ಮೆ ಕೇಳಿದ್ದೆ.

‘ಮಸಿ ಆದ್ರೆ ಕಾಣ್ಬೇಕು ಟೀಚರಮ್ಮ. ಕಾಣ್ತದೆ ಅಂತ ಗೊತ್ತಿದ್ರೆ ಕೈ ಹುಷಾರಾಗಿರ್ತದೆ’ ಎಂದಿದ್ದರು.

ನಾನು ಜಯನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಅದನ್ನು ಕೇಳಿದ ದಿನದಿಂದ ಅವರಿಗೆ ನಾನು ಟೀಚರಮ್ಮನೇ. ನಲವತ್ತೆರಡನೇ ವಯಸ್ಸಿನಲ್ಲಿ ಹಳೆಯದೊಂದು ಪುಟ್ಟ ಜೀಪು ಕೊಂಡು, ಭಾನುವಾರಗಳಲ್ಲಿ ಗೆಳತಿಯರ ಜೊತೆ ಕಲ್ಲುದಾರಿ ಹತ್ತುವ ಹುಚ್ಚು ಹಿಡಿಸಿಕೊಂಡಿದ್ದೆ. ಅಷ್ಟಕ್ಕೇ ಸುಮ್ಮನಿರದೆ ದೊಡ್ಡ ಟೈರುಗಳನ್ನೂ ಹಾಕಿಸಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ ಗರಗರ ಎನ್ನುತ್ತಿತ್ತು. ನಮ್ಮ ಬೀದಿಯ ನಾಯಿಗಳೆಲ್ಲ ಆ ಸದ್ದು ಕೇಳಿ ಎದ್ದು ನಿಲ್ಲುತ್ತಿದ್ದವು. ಇದಕ್ಕಿದ್ದ ದಾರಿ ಒಂದೇ: ಕೆಳಗಿನ ಉಕ್ಕಿನ ಚೌಕಟ್ಟಾದ ಚಾಸಿಗೂ ಮೇಲಿನ ಬಾಡಿಗೂ ನಡುವೆ ದಪ್ಪ ಬಿಲ್ಲೆಗಳನ್ನಿಟ್ಟು ಬಾಡಿಯನ್ನು ಎರಡು ಇಂಚು ಮೇಲೆತ್ತುವುದು.

‘ಬೇಡ’ ಎಂದರು ಪಿಳ್ಳಣ್ಣ. ‘ಹಳೇ ಟೈರ್ ಹಾಕ್ಸಿ, ತಣ್ಣಗಿರಿ.’

ಕಲ್ಲುದಾರಿ, ಹಳ್ಳ, ಅಲ್ಲಿ ಸಿಗುವ ಗಿಡಗಳು ಎಂದು ನಾನು ಅರ್ಧ ಗಂಟೆ ವಾದ ಮಾಡಿದೆ. ಅವರು ಗಲ್ಲಕ್ಕೆ ಕೈಕೊಟ್ಟು ಕೇಳಿದರು.

‘ಎತ್ತೋದು ಸುಲಭ. ಎತ್ತಿದ್ಮೇಲೆ ಏನೇನ್ ಮೇಲಕ್ಕೆ ಹೋಗ್ತದೆ, ಏನೇನ್ ಕೆಳಗೇ ಉಳ್ಕೊತದೆ, ಅದನ್ನ ನೋಡ್ಬೇಕು. ಗಾಡೀಲಿ ಇನ್ಯಾರು ಕೂರ್ತಾರೆ?’

‘ಅಮ್ಮ.’

‘ವಯಸ್ಸೆಷ್ಟು?’

‘ಎಪ್ಪತ್ತೊಂದು.’

‘ಕರ್ಕೊಂಡ್ ಬನ್ನಿ. ಅವರನ್ನ ನೋಡ್ದೆ ನಾನು ಬೋಲ್ಟ್ ಮುಟ್ಟಲ್ಲ.’

ಮರುದಿನ ಅಮ್ಮ ಇಳಕಲ್ ಸೀರೆಯುಟ್ಟು ಮದುವೆ ಮನೆಗೆ ಹೊರಟವರಂತೆ ಶೆಡ್ಡಿಗೆ ಬಂದರು. ಪಿಳ್ಳಣ್ಣ ಜೀಪಿನ ಪಕ್ಕದಲ್ಲಿ ಅವರನ್ನು ನಿಲ್ಲಿಸಿ, ‘ಎಷ್ಟೆತ್ತರಕ್ಕೆ ಕಾಲು ಎತ್ತಕ್ಕಾಗ್ತದೋ ಎತ್ತಿ ಅಮ್ಮಾ. ಕಷ್ಟಪಟ್ಟು ಎತ್ಬೇಡಿ, ಸುಖವಾಗಿ ಎತ್ತಿ’ ಎಂದರು. ಅಮ್ಮ ಎತ್ತಿದ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನೆಲದಿಂದ ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು.

‘ಇವಳ ಅಪ್ಪ ಇಷ್ಟು ವರ್ಷದಲ್ಲಿ ಒಂದು ಸಲಾನೂ ಕೇಳಿರ್ಲಿಲ್ಲ, ನಿಂಗೆ ಹತ್ತಕ್ಕಾಗತ್ತಾ ಅಂತ’ ಎಂದು ಅಮ್ಮ ಜೋರಾಗಿ ನಕ್ಕರು.

ಕೆಲಸ ಶುರುವಾಯಿತು. ರಜೆ ಹಾಕಿ ನಾನೂ ಹೋಗಿದ್ದೆ. ಪಿಳ್ಳಣ್ಣ ಹಲಗೆ ಕೊಟ್ಟು ಜಾಕ್ ಏರಿಸಿ, ಬಾಡಿಯ ಒಂದು ಬದಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತುತ್ತಿದ್ದರು. ಟಾರ್ಚ್ ಹಿಡಿಯುವುದು ನನ್ನ ಕೆಲಸ. ತುಕ್ಕು ಹಿಡಿದ ಬೋಲ್ಟುಗಳಿಗೆ ಎರಡು ದಿನ ಮೊದಲೇ ಎಣ್ಣೆ ಬಿಟ್ಟಿದ್ದರೂ ಎರಡು ಮುರಿದವು. ಅವರು ಬೈಯಲಿಲ್ಲ. ‘ಇಪ್ಪತ್ತು ವರ್ಷ ಹಿಡ್ಕೊಂಡಿತ್ತು ಪಾಪ’ ಎಂದು ಮುರಿದ ತುಂಡನ್ನು ಒರೆಸಿ ಪಕ್ಕಕ್ಕಿಟ್ಟರು. ಎಂಟು ಕಡೆ ಎಂಟು ನೈಲಾನ್ ಬಿಲ್ಲೆ ಕೂತವು, ಉದ್ದನೆಯ ಹೊಸ ಬೋಲ್ಟುಗಳು ಬಿದ್ದವು. ರೇಡಿಯೇಟರಿನ ಪೈಪು, ಗೇರಿನ ಕೋಲು, ಪೆಟ್ರೋಲ್ ತುಂಬುವ ಕೊಳವೆ ಒಂದೊಂದನ್ನೂ ಹೊಂದಿಸಿದರು. ಕೊನೆಗೆ ಸೀಮೆಸುಣ್ಣದ ಗೆರೆಯ ಲೆಕ್ಕದಲ್ಲೇ ಬಾಗಿಲ ಕೆಳಗೆ ಕಬ್ಬಿಣದ ಮೆಟ್ಟಿಲೊಂದನ್ನು ಕೂರಿಸಿದರು. ಅಮ್ಮ ಬಂದು ಹತ್ತಿ ಕೂತು, ಇಳಿದು, ಮತ್ತೆ ಹತ್ತಿದರು. ‘ಬಸ್ಸಿಗಿಂತ ವಾಸಿ’ ಎಂದು ತೀರ್ಪು ಕೊಟ್ಟರು.

ಸ್ಟೀರಿಂಗ್ ತಿರುಗಿಸಿದೆ. ಗರಗರ ಇಲ್ಲ. ಮರುದಿನ ಕಾಲೇಜಿಗೆ ಅದರಲ್ಲೇ ಹೋದೆ. ಅದರ ಮಾರನೆಯ ಬೆಳಿಗ್ಗೆ ಅಮ್ಮನನ್ನು ಕೂರಿಸಿಕೊಂಡು ಸಾವನದುರ್ಗದ ಕಡೆ ಹೋಗುವುದೆಂದೂ ಆಗಿತ್ತು.

ಅಂದು ಮಧ್ಯಾಹ್ನ ಪಾಠ ಮುಗಿಸಿ ಫೋನ್ ನೋಡಿದರೆ ಪಿಳ್ಳಣ್ಣನ ಹನ್ನೊಂದು ಕರೆಗಳು. ವಾಪಸ್ ಕರೆ ಮಾಡುವಷ್ಟರಲ್ಲಿ ಅಟೆಂಡರ್ ಬಂದು, ಗೇಟಿನ ಹತ್ತಿರ ಯಾರೋ ಗಲಾಟೆ ಮಾಡುತ್ತಿದ್ದಾರೆ, ನಿಮ್ಮ ಜೀಪಿನ ಮುಂದೆ ಕೂತುಬಿಟ್ಟಿದ್ದಾರೆ ಎಂದ. ಓಡಿಹೋದೆ. ಹಳೆಯ ಮೊಪೆಡ್ ಗೋಡೆಗೆ ಒರಗಿತ್ತು. ಬಿಳಿ ಶರ್ಟಿನ ಪಿಳ್ಳಣ್ಣ ನನ್ನ ಜೀಪಿನ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ವಾಚ್‌ಮನ್ ಏಳಿ ಎಂದು ರೇಗುತ್ತಿದ್ದ. ಪಿಳ್ಳಣ್ಣನ ಬಲಗೈ ಬೆರಳುಗಳಲ್ಲಿ ಮುದ್ದೆ ಅಂಟಿ ಒಣಗಿತ್ತು.

‘ಕೀ ಕೊಡಿ ಟೀಚರಮ್ಮ’ ಎಂದರು.

ಬಾನೆಟ್ ಎತ್ತಿಸಿ ತೋರಿಸಿದರು. ಬಾಡಿಯ ಜೊತೆ ಸ್ಟೀರಿಂಗ್ ಕಂಬವೂ ಮೇಲೆದ್ದಿತ್ತು, ಚಕ್ರಗಳನ್ನು ತಿರುಗಿಸುವ ಪೆಟ್ಟಿಗೆ ಮಾತ್ರ ಚಾಸಿಯಲ್ಲಿ ಕೆಳಗೇ ಉಳಿದಿತ್ತು. ಎರಡನ್ನೂ ಸೇರಿಸುವ ನಡುವಿನ ರಾಡು ಜಾರಿ ಜಾರಿ, ಒಳಗೆ ಹಿಡಿದುಕೊಂಡಿದ್ದದ್ದು ಅರ್ಧ ಬೆರಳಿನಷ್ಟೇ.

‘ಮುದ್ದೆ ಮುರಿತಿದ್ದೆ, ತಟ್ಟಂತ ಹೊಳೀತು. ಎಲ್ಲಾ ನೋಡ್ದೆ, ಇದನ್ನ ಬರೀ ತಿರುಗ್ಸಿ ನೋಡ್ದೆ, ಅಳತೆ ನೋಡ್ಲಿಲ್ಲ. ಜೋರಾಗೊಂದು ಗುಂಡಿಗೆ ಬಿದ್ದಿದ್ರೆ ಬಿಟ್ಕೊಂಡ್ಬಿಡ್ತಿತ್ತು. ಅಮ್ಮೋರನ್ನ ಕೂರ್ಸ್ಕೊಂಡ್ ಹೋಗ್ತೀನಿ ಅಂದಿದ್ರಲ್ಲ ನೀವು. ತಪ್ಪು ನಂದೇ.’

ಆ ಬೆಳಿಗ್ಗೆ ಅದೇ ಜೀಪನ್ನು ಡೈರಿ ಸರ್ಕಲ್ಲಿನ ವಾಹನಗಳ ನಡುವೆ ಓಡಿಸಿಕೊಂಡು ಬಂದಿದ್ದೆ. ಅವರನ್ನು ಬೈಯಬೇಕೆಂದು ಬಾಯಿ ತೆರೆದವಳು, ಒಣಗಿದ ಮುದ್ದೆಯ ಕೈ ನೋಡಿ, ‘ಮೊದಲು ಕೈ ತೊಳ್ಕೊಳಿ ಬನ್ನಿ’ ಎಂದೆ.

ಜೀಪನ್ನು ಅಲ್ಲಿಂದ ಒಂದಡಿಯೂ ಓಡಿಸಲು ಬಿಡಲಿಲ್ಲ ಅವರು. ಲಾರಿ ತರಿಸಿ ಅದರ ಮೇಲೆ ಹೇರಿಸಿ, ಹಿಂದೆಯೇ ಮೊಪೆಡ್‌ನಲ್ಲಿ ಬಂದರು. ಹಳೆಯ ರಾಡಿಗೇ ತುಂಡು ಸೇರಿಸಿ ವೆಲ್ಡ್ ಮಾಡಿದ್ದರೆ ಅರ್ಧ ಗಂಟೆಯ ಕೆಲಸ. ‘ಸ್ಟೀರಿಂಗಿಗೆ ಮಾತ್ರ ನಾನು ಅಂಟ್ಸಲ್ಲ’ ಎಂದು ವಿಲ್ಸನ್ ಗಾರ್ಡನ್‌ನ ಲೇತ್ ಅಂಗಡಿಯಲ್ಲಿ ಮೂರು ದಿನ ಎದುರಿಗೇ ಕೂತು ಒಂದೇ ತುಂಡಿನ ಉದ್ದನೆಯ ರಾಡು ಮಾಡಿಸಿ ಹಾಕಿದರು. ಆಮೇಲೆ ಯಾರು ಬಂದು ‘ಬಾಡಿ ಎತ್ತಿ’ ಎಂದರೂ ಈ ಕತೆಯನ್ನು ತಾವೇ ಹೇಳುತ್ತಿದ್ದರು, ಒಂದು ಸಾಲೂ ಮುಚ್ಚಿಡದೆ. ‘ಈ ಟೀಚರಮ್ಮನ್ನ ನಾನು ಸಾಯ್ಸೇಬಿಡ್ತಿದ್ದೆ’ ಎಂದು ನನ್ನ ಎದುರಿಗೇ ಹೇಳಿದಾಗ ಗಿರಾಕಿಗಳು ನನ್ನ ಮುಖ ನೋಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಇಷ್ಟೊಂದು ಜೀಪು ಎತ್ತಿದ ಮನುಷ್ಯ ಒಮ್ಮೆಯೂ ಕಲ್ಲುದಾರಿ ನೋಡಿರಲಿಲ್ಲ ಎಂಬುದು ಗೊತ್ತಾದದ್ದು ಆಮೇಲೆ. ಒಂದು ಭಾನುವಾರ ಬಲವಂತವಾಗಿ ಕೂರಿಸಿಕೊಂಡು ಕನಕಪುರ ರಸ್ತೆಯಾಚೆಯ ಒಂದು ಗುಡ್ಡಕ್ಕೆ ಹೊರಟೆ. ಬಂಡೆಯೊಂದನ್ನು ಹತ್ತಿ ಜೀಪು ಓರೆಯಾದಾಗ ಪಿಳ್ಳಣ್ಣ ಹಿಡಿಕೆ ಹಿಡಿದು ಕಣ್ಣು ಮುಚ್ಚಿದರು. ಜೀಪು ಬಂಡೆ ಇಳಿದಾಗ ಕಣ್ಣು ತೆರೆದು, ‘ಇನ್ನೊಂದ್ಸಲ ಹತ್ಸಿ!’ ಎಂದರು. ಮೂರು ಸಲ ಹತ್ತಿಸಿದೆ.

ಗುಡ್ಡದ ಮೇಲೆ ಪಾಳುಬಿದ್ದ ಎರಡೆಕರೆ ಹೊಲವಿತ್ತು. ಅಲ್ಲಿ ದನ ಮೇಯಿಸುತ್ತಿದ್ದ ಯಜಮಾನರೊಬ್ಬರು, ಗಾಡಿ ಬರದ ಜಾಗಕ್ಕೆ ಯಾರು ಬರುತ್ತಾರೆ, ಗುತ್ತಿಗೆಗೆ ಕೊಡುತ್ತೇನೆಂದರೂ ಕೇಳುವವರಿಲ್ಲ ಎಂದರು. ಪಿಳ್ಳಣ್ಣ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಪುಡಿ ಮಾಡಿದರು. ಚಪ್ಪಲಿ ಬಿಟ್ಟು ಹೊಲದ ಉದ್ದಕ್ಕೂ ನಡೆದು ಹೋಗಿ ವಾಪಸ್ ಬಂದರು. ಮನೆಯ ಮುಂದೆ ಇಳಿಯುವಾಗ, ‘ಈ ಥರದ್ದೊಂದು ಹಳೇ ಜೀಪು ಸಿಕ್ರೆ ಹೇಳಿ ಟೀಚರಮ್ಮ’ ಎಂದರು.

ಮಳೆಗಾಲಕ್ಕೆ ಮೊದಲೇ ಶೆಡ್ಡಿನ ಬಾಗಿಲು ಮುಚ್ಚಿತು. ಆ ಹೊಲವನ್ನು ಗುತ್ತಿಗೆಗೆ ಹಿಡಿದು, ಹೆಂಡತಿಯನ್ನೂ ಕರೆದುಕೊಂಡು, ತಾವೇ ಎತ್ತರಿಸಿಕೊಂಡ ಜೀಪಿನಲ್ಲಿ ಪಿಳ್ಳಣ್ಣ ಗುಡ್ಡ ಹತ್ತಿದರು. ದಕ್ಷಿಣ ಬೆಂಗಳೂರಿನ ಜೀಪಿನವರೆಲ್ಲ ನನ್ನನ್ನು ಬೈದರು. ಇರುವ ಒಬ್ಬ ಒಳ್ಳೆಯ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ ಕಳೆದು ಬಂದವಳು ನಾನು. ಶೆಡ್ಡಿನ ಜಾಗದಲ್ಲಿ ಈಗ ಹಣ್ಣಿನ ಜ್ಯೂಸ್ ಅಂಗಡಿಯಿದೆ.

ಮೊನ್ನೆ ಗುಡ್ಡಕ್ಕೆ ಹೋಗಿದ್ದೆ. ಜೀಪಿನ ಅಡಿಯಲ್ಲಿ ಕಟಕಟ ಎಂದು ಹೊಸ ಸದ್ದು ಶುರುವಾಗಿತ್ತು. ಜಯನಗರ, ಬನಶಂಕರಿ ಎಂದು ಮೂರು ಕಡೆ ತೋರಿಸಿದರೂ ಅದರ ಕಾರಣ ಯಾರಿಗೂ ಸಿಕ್ಕಿರಲಿಲ್ಲ. ಪಿಳ್ಳಣ್ಣ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಅವರೆ ಸಾಲಿನಲ್ಲಿ ನಿಂತಿದ್ದರು. ಮೈಮೇಲೆ ಹಸಿರು ಬನಿಯನ್. ಕೈ ಹಿಡಿದು ಕರೆದೊಯ್ದು ಒಂದೊಂದು ಸಾಲನ್ನೂ ತೋರಿಸಿದರು. ಎಲೆಯ ಮೇಲಿನ ಚುಕ್ಕೆಯೊಂದನ್ನು ತೋರಿಸಿ, ‘ಇದೇನು ರೋಗ ಹೇಳಿ, ನೀವು ಓದಿರೋರು’ ಎಂದರು. ನಾನು ಎಲೆ ತಿರುಗಿಸಿ, ಹಿಂಬದಿ ನೋಡಿ, ರೋಗವಲ್ಲ, ಬರೀ ಹುಳದ ಕಾಟ, ಬೇವಿನ ಎಣ್ಣೆ ಸಾಕು ಎಂದೆ. ಅವರ ಹೆಂಡತಿ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಹೊರಡುವಾಗ ಅಮ್ಮನಿಗೆಂದು ಒಂದು ಚೀಲ ಅವರೆಕಾಯಿ ಹಿಂದಿನ ಸೀಟಿನಲ್ಲಿಟ್ಟರು.

ಗುಡ್ಡ ಇಳಿದು ಟಾರ್ ರಸ್ತೆ ಸೇರಿದಾಗ ಕಟಕಟ ಮತ್ತೆ ಕೇಳಿಸಿತು. ಹೋಗಿದ್ದೇ ಅದನ್ನು ತೋರಿಸುವುದಕ್ಕೆ ಎಂಬುದು ಆಗ ನೆನಪಾಯಿತು.